ಪಾಡ್ಯದಿಂದ ರೊಟ್ಟಿ ನನ್ನದು

ದೇವರು ನಮ್ಮ ಜತ್ತ ತಾಲೂಕಿಗೆ ಮಳೆಯನ್ನು ಕೈ ಬಿಗಿ ಹಿಡಿದು ಕೊಟ್ಟನೆಂದು ಎಲ್ಲರೂ ಗೊಣಗುತ್ತಾರೆ. ಹೊಸ ವರ್ಷಗಳನ್ನು ಮಾತ್ರ ಧಾರಾಳವಾಗಿ ಕೊಟ್ಟಿದ್ದಾನೆ ಎಂಬುದನ್ನು ಯಾರೂ ನೆನೆಯುವುದಿಲ್ಲ. ಜನವರಿ ಒಂದು ಜಗತ್ತಿಗೆಲ್ಲ ಇರುವಂಥದು, ನಮಗೂ ಇದೆ. ಅದು ಕೈ ತಪ್ಪಿದರೆ ಚೈತ್ರದ ಪಾಡ್ಯ ಇದೆ. ನಾವು ಅದಕ್ಕೆ ಉಗಾದಿ ಎನ್ನುತ್ತೇವೆ, ಗೋಡೆಯಾಚೆಯ ಮರಾಠಿ ಮನೆಯವರು ಕೋಲಿಗೆ ಸೀರೆ ಕಟ್ಟಿ ಗುಡಿ ಏರಿಸಿ ಪಾಡವಾ ಎನ್ನುತ್ತಾರೆ. ಅದೂ ಹೋಯಿತೋ, ದೀಪಾವಳಿಯ ಪಾಡ್ಯ ಇದ್ದೇ ಇದೆ. ಅಂದು ಪೇಟೆಯ ವ್ಯಾಪಾರಸ್ಥರಿಗೆ ಹೊಸ ವರ್ಷ. ನಮ್ಮ ಸೋದರಮಾವನದು ಕಿರಾಣಿ ಅಂಗಡಿಯಾದ್ದರಿಂದ ಅದರಲ್ಲಿ ನನಗೂ ಒಂದು ಪಾಲು. ಇವುಗಳ ನಡುವೆ ಸರಕಾರದ ವರ್ಷ ಎಪ್ರಿಲ್‌ನಲ್ಲಿ, ಸಾಲಿಯ ವರ್ಷ ಜೂನ್‌ನಲ್ಲಿ ಹುಟ್ಟುತ್ತವೆ. ಹೀಗಾಗಿ ಸುಧಾರಿಸಬೇಕೆಂದು ಮನಸ್ಸು ಮಾಡಿದ ಮನುಷ್ಯನಿಗೆ ನಮ್ಮಲ್ಲಿ ಯಾವ ಅವಸರವೂ ಇಲ್ಲ. ನಾನು ಜನವರಿಯಲ್ಲಿ ಬಿಟ್ಟ ಅಡಿಕೆ ಉಗಾದಿಗೆ ಮರಳಿ ಬಾಯಿಗೆ ಬರುತ್ತದೆ. ಉಗಾದಿಗೆ ಚಹಾದಿಂದ ಬಿಟ್ಟ ಸಕ್ಕರೆ ದೀಪಾವಳಿಯ ಹೊತ್ತಿಗೆ ಒಂದು ಚಮಚ ಹೆಚ್ಚಾಗಿಯೇ ಬರುತ್ತದೆ. ಒಂದು ವರ್ಷ ಮುಂಜಾನೆ ತಿಕೋಂಡಿಯ ರಸ್ತೆಗುಂಟ ವಾಯುವಿಹಾರ ಶುರು ಮಾಡಿದ್ದೆ. ಒಂದು ದಿನ ಎದುರಿಗೆ ಕುರಿಹಿಂಡು ಬಂದು ರಸ್ತೆ ತುಂಬ ನಿಂತಿತು. ಹಿಂಡು ಸರಿಯುವವರೆಗೆ ಒಂದು ಕಲ್ಲಿನ ಮೇಲೆ ಕೂತೆ. ಕೂತದ್ದು ಭಾಳ ಹಿತವೆನಿಸಿತು. ಮರುದಿನದಿಂದ ಆ ಕೆಲಸವನ್ನು ಮನೆಯ ಕಟ್ಟೆಯ ಮೇಲೆಯೇ ಮಾಡತೊಡಗಿದೆ.

ಇದು ನನ್ನ ಸ್ವಭಾವದ ದೋಷವಲ್ಲ, ನೌಕರಿಯದು ಎಂದು ನಾನು ವಾದಿಸುತ್ತ ಬಂದಿದ್ದೇನೆ. ನಾನು ಒಂದು ಗ್ರಾಮಪಂಚಾಯತಿಯ ಕಾರಕೂನ. ಯಾವ ಊರು ಎಂದು ಹುಡುಕಲು ಹೋಗಬೇಡಿ, ನನಗೆ ಇನ್ನೂ ಅಲ್ಲಿಯೇ ನೌಕರಿ ಮಾಡುವುದಿದೆ. ಗಡಿಯ ಈಚೆ ಮರಾಠಿ ರಾಜ್ಯಕ್ಕೆ ಸೇರಿಹೋಗಿ, ಮನೆಯಲ್ಲಿ ಕನ್ನಡ ಮಾತಾಡಿ, ಕಚೇರಿಯಲ್ಲಿ ಮರಾಠಿ ಬರೆದು ಹೊಟ್ಟೆ ಹೊರೆಯುವ ಜನ ನಾವು. ನನ್ನ ಕೆಲಸದಲ್ಲಿ ದೊಡ್ಡದೆಂದರೆ ಠರಾವು ಬರೆಯುವುದು. ಸಭೆಯಲ್ಲಿ ಒಬ್ಬರು ಎದ್ದು ಇಂಥದಾಗಬೇಕು ಎನ್ನುತ್ತಾರೆ, ಅವರು ಸೂಚಕರು. ಇನ್ನೊಬ್ಬರು ಕೂತಲ್ಲಿಂದಲೇ ಹೂಂ ಎನ್ನುತ್ತಾರೆ, ಅವರು ಅನುಮೋದಕರು. ನಾನು ಸರ್ವಾನುಮತದಿಂದ ಮಂಜೂರು ಎಂದು ಬರೆದು ಅಡಿಗೆರೆ ಎಳೆಯುತ್ತೇನೆ. ಚಹಾ ಬರುತ್ತದೆ. ಆ ಚಹಾದ ರುಚಿ ಎಂಥದೆಂದರೆ, ಅದನ್ನು ಕುಡಿದಕೂಡಲೇ ಕೆಲಸ ಮುಗಿದೇ ಹೋಯಿತೆಂದು ಎಲ್ಲರಿಗೂ ಅನಿಸಿಬಿಡುತ್ತದೆ. ನಮ್ಮೂರಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಒಂದು ನೆರಳು ಬೇಕೆಂದು ಠರಾವು ಆಗಿ ಎಷ್ಟೋ ಬೇಸಿಗೆಗಳಾದವು. ಜನ ಈಗಲೂ ಆ ಠರಾವಿನ ನೆರಳಿನಲ್ಲಿಯೇ ನಿಂತು ಬಸ್ಸು ಕಾಯುತ್ತಾರೆ. ಠರಾವಿನ ನಂತರ ಬರಬೇಕಾದದ್ದಕ್ಕೆ ಮರಾಠಿಯಲ್ಲಿ ಅಂಮಲಬಜಾವಣಿ ಎನ್ನುತ್ತಾರೆ, ಅಂದರೆ ಅಮಲಿಗೆ ತರುವುದು. ಅಮಲು ಎಂದರೆ ಜಾರಿ ಎಂದೂ ಅರ್ಥ, ನಶೆ ಎಂದೂ ಅರ್ಥ. ನನಗೆ ಯಾವಾಗಲೂ ಠರಾವು ಆದಕೂಡಲೇ ಎರಡನೆಯ ಅಮಲು ಏರಿಬಿಡುತ್ತದೆ, ಮೊದಲನೆಯದು ಹಾಗೇ ಉಳಿಯುತ್ತದೆ.

ಎಲ್ಲರೂ ನನ್ನಂತೆ ಇರುವುದಿಲ್ಲ. ಕುಣಿಕೋಣೂರಿನಲ್ಲಿ ನನ್ನ ಷಡ್ಡಕನಿದ್ದಾನೆ, ಹೆಂಡತಿಯ ತಂಗಿಯ ಗಂಡ. ಬದುಕಿನಲ್ಲಿ ಒಂದು ಠರಾವನ್ನೂ ಮಾಡಿದವನಲ್ಲ. ದಾಳಿಂಬೆ ಹಚ್ಚಬೇಕೆಂದು ಅವನಿಗೆ ಅನಿಸಿತ್ತು ಎಂಬುದು ನಮಗೆ ಗೊತ್ತಾದದ್ದೇ ಅವನು ಚೀಲದ ತುಂಬ ದಾಳಿಂಬೆ ತಂದು ನಮ್ಮ ಪಡಸಾಲೆಯಲ್ಲಿ ಸುರಿದಾಗ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳುವಂಥದ್ದೇನಿತ್ತು, ಗಿಡ ಹಚ್ಚುವುದಿತ್ತು ಎಂದ. ಇಂಥವರ ಜೊತೆ ಮಾತು ಬೆಳೆಯುವುದಿಲ್ಲ. ಸುಮ್ಮನೆ ಹಣ್ಣು ತಿಂದೆ. ಸಿಹಿಯಾಗಿತ್ತು, ಅಷ್ಟು ಸಿಹಿಯಾಗಿರುವ ಅಗತ್ಯವಿರಲಿಲ್ಲ ಅನಿಸಿತು.

ಈಗ ಮನೆಯ ಮಾತಿಗೆ ಬರುತ್ತೇನೆ. ಮನೆಯಲ್ಲಿ ನಾವು ಮೂವರು: ನಾನು, ನನ್ನ ಹೆಂಡತಿ ನೀಲಾ, ನಮ್ಮವ್ವ. ಮಗಳು ಪಲ್ಲವಿ ಮಿರಜಿನಲ್ಲಿ ನರ್ಸಿಂಗ್ ಕಲಿಯುತ್ತ ವಸತಿಗೃಹದಲ್ಲಿದ್ದಾಳೆ. ಅವ್ವನ ಬಾಯಲ್ಲಿ ಹಲ್ಲು ಉಳಿದಿಲ್ಲ, ಮಾತು ಪೂರ್ತಿ ಉಳಿದಿದೆ. ಕೈ ನಡುಗುವುದರಿಂದ ಒಲೆಯ ಕೆಲಸ ಬಿಟ್ಟಿದ್ದಾಳೆ. ಆಕೆಗೆ ಮುಂಜಾನೆ ಬಿಸಿ ಜೋಳದ ರೊಟ್ಟಿ ಬೇಕು. ಹಾಲಿನಲ್ಲಿ ಮುರಿದು ಹಾಕಿದರೆ ಕರಗುವಷ್ಟು ಮೆತ್ತಗಿರಬೇಕು. ಪೇಟೆಯಲ್ಲಿ ಸಿಗುವ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆ ನಿಜ, ಆದರೆ ಅದನ್ನು ತಿನ್ನಲು ಹಲ್ಲು ಬೇಕು. ನನಗೂ ಡಬ್ಬಿಗೆ ರೊಟ್ಟಿಯೇ ಆಗಬೇಕು. ಅನ್ನ ಉಂಡು ಕಚೇರಿಗೆ ಹೋದರೆ ಹನ್ನೊಂದಕ್ಕೇ ನಿದ್ದೆ ಬರುತ್ತದೆ. ಹನ್ನೆರಡಕ್ಕೆ ಬರುವುದು ಅಲ್ಲಿಯ ವಾಡಿಕೆ.

ಹೀಗೆ ನೀಲಾಳ ಮುಂಜಾವು ಪೂರ್ತಿ ಹಂಚಿನ ಮುಂದೆ ಹೋಗುತ್ತಿತ್ತು. ಅವಳು ವಿಜಯಪುರದ ಕಡೆಯವಳು, ಕನ್ನಡದಲ್ಲಿ ಪಿಯುಸಿ ಮುಗಿಸಿದವಳು. ಮದುವೆಯಾಗಿ ಬಂದ ಮೇಲೆ ಟಿವಿ ನೋಡಿ, ಬಚತ ಗಟದ, ಅಂದರೆ ಉಳಿತಾಯ ಸಂಘದ, ಹೆಂಗಸರ ಜೊತೆ ಮಾತಾಡಿ ಮರಾಠಿ ಕಲಿತಳು. ಕಲಿತದ್ದಷ್ಟೇ ಅಲ್ಲ, ಮುಕ್ತ ವಿದ್ಯಾಪೀಠದಲ್ಲಿ ಮರಾಠಿ ಮಾಧ್ಯಮದಿಂದಲೇ ಬಿ.ಎ.ಗೆ ಹೆಸರು ಹಚ್ಚಿದಳು. ಮೊದಲಿನ ಪರೀಕ್ಷೆಗಳನ್ನು ಹೇಗೋ ಪಾಸಾದಳು. ಕೊನೆಯ ವರ್ಷದ್ದು ಮಾತ್ರ ಎರಡು ಸಲ ತಪ್ಪಿತು. ಒಮ್ಮೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಇನ್ನೊಮ್ಮೆ ಓದಲು ಹೊತ್ತೇ ಸಿಗದೆ ಪರೀಕ್ಷೆಗೆ ಕೂಡಲಿಲ್ಲ. ಹೆಸರು ಹಚ್ಚಿದವರು ಇಂತಿಷ್ಟು ವರ್ಷಗಳಲ್ಲಿ ಮುಗಿಸಬೇಕೆಂಬ ನಿಯಮವಿತ್ತು. ಅವಳಿಗೆ ಉಳಿದದ್ದು ಬರುವ ಬೇಸಿಗೆಯದೊಂದೇ ಸಲ. ಅದೂ ತಪ್ಪಿದರೆ ಪಾಸಾದ ವಿಷಯಗಳೂ ನೀರಿಗೆ ಹೋದಂತೆ, ಮತ್ತೆ ಮೊದಲಿನಿಂದ ಶುರು.

ಜನವರಿ ಒಂದರ ಸಂಜೆ ನಾವು ಮೂವರೂ ಹೊಲದಿಂದ ಬಂದ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುತ್ತ ಕೂತಿದ್ದೆವು. ನೀಲಾ ದೂರು ಹೇಳುವ ಹೆಂಗಸಲ್ಲ. ಬಿಸಿ ತೆನೆಯನ್ನು ಅಂಗೈಯಲ್ಲಿ ಉಜ್ಜುತ್ತ, ಯಾರಿಗೂ ಅಲ್ಲ ಎಂಬಂತೆ, "ಮುಂಜಾನಿ ಎರಡ ತಾಸ ಸಿಕ್ರ ನಾ ಪಾಸ ಆಗ್ತೀನ್ರಿ" ಎಂದಳು. ಅಂದು ಹೊಸ ವರ್ಷದ ದಿನ. ಮುಂಜಾನೆಯಿಂದ ಕಂಡಕಂಡವರಿಗೆಲ್ಲ ಶುಭಾಶಯ ಕೊಟ್ಟು ಕೊಟ್ಟು ಮನಸ್ಸು ಹದವಾಗಿ ನಾದಿಟ್ಟ ಹಿಟ್ಟಿನಂತಾಗಿತ್ತು. "ಪಾಡ್ಯಾದಿಂದ ರೊಟ್ಟಿ ನಂದು, ನೀ ಆರಾಮ ಓದಕೋತ ಕುಂದ್ರು" ಎಂದುಬಿಟ್ಟೆ. ಅವ್ವ ಹಾಲುಗಾಳನ್ನು ವಸಡಿನಲ್ಲಿ ಜಜ್ಜುತ್ತ ಹೂಂ ಎಂದಳು. ಸೂಚಕ ನಾನು, ಅನುಮೋದಕಿ ಅವ್ವ, ಠರಾವು ಮಂಜೂರು. ನೀಲಾ ಮುಖ ಅರಳಿಸಿಕೊಂಡು ಎದ್ದು ಚಹಾ ಮಾಡಿ ತಂದಳು. ನಾನು ಚಹಾ ಕುಡಿದೆ. ಕೆಲಸ ಮುಗಿಯಿತು.

ಇಲ್ಲಿ ಆ ಪಾಡ್ಯದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಬರೀ ಪಾಡ್ಯ ಎಂದರೆ ಯಾವ ಪಾಡ್ಯ ಎಂದು ಕೇಳಿಯೇ ತಿಳಿದುಕೊಳ್ಳಬೇಕು. ಉಗಾದಿಯೂ ಪಾಡ್ಯವೇ, ದೀಪಾವಳಿಯದೂ ಪಾಡ್ಯವೇ. ಮರಾಠಿಯವರಿಗೂ ಎರಡೂ ಪಾಡವಾ. ಒಂದು ಬೇಸಿಗೆಯ ಬಾಗಿಲಲ್ಲಿ, ಇನ್ನೊಂದು ಚಳಿಯ ಬಾಗಿಲಲ್ಲಿ. ಕೆಲಸ ತಳ್ಳಬೇಕಾದವನಿಗೆ ಇಂಥ ಶಬ್ದ ಸಿಗುವುದು ಅಪರೂಪ. ಪಾಡ್ಯ ಆಗಲಿ ಬರ್ರಿ ಎಂದು ಹೇಳಿ ಕಳಿಸಿದರೆ ಬಂದವನೂ ತೃಪ್ತ, ಕಳಿಸಿದವನೂ ಮುಕ್ತ. ಅಂದು ನಾನು ದೀಪಾವಳಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಾಗೆಂದೆನೇ ಎಂದು ಕೇಳಿದರೆ ಸತ್ಯ ಹೇಳುತ್ತೇನೆ, ನನ್ನ ಮನಸ್ಸಿನಲ್ಲಿ ಯಾವ ಪಾಡ್ಯವೂ ಇರಲಿಲ್ಲ. ನಾಲಿಗೆಗೆ ರೂಢಿಯಾದ ಶಬ್ದ, ಜಾರಿ ಬಂತು. ಆಮೇಲೆ ವಿಚಾರ ಮಾಡಿದಾಗ, ದೀಪಾವಳಿಯೆಂದೇ ಅಂದಿರಬೇಕು ಎಂದು ನಿಶ್ಚಯವಾಯಿತು. ಅದು ದೂರವಿತ್ತು.

ನೀಲಾ ಮಾತ್ರ ಆ ದಿನದಿಂದಲೇ ಬೇರೆಯಾದಳು. ಪರೀಕ್ಷೆಯ ಶುಲ್ಕ ತುಂಬಿ ಬಂದಳು. ಟ್ರಂಕಿನ ತಳದಿಂದ ಪುಸ್ತಕ ತೆಗೆದು ಬಿಸಿಲಿಗೆ ಹಾಕಿದಳು. ಕುಣಿಕೋಣೂರಿನ ತಂಗಿಗೆ ಫೋನು ಮಾಡಿ, ಈ ಸಲ ನಮ್ಮ ಮನೆಯವರು ಕೈ ಹಿಡಿದಿದ್ದಾರೆ ಎಂದು ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿತ್ತು. ನಾನು ಕೈ ಹಿಡಿದದ್ದು ಮದುವೆಯಲ್ಲಿ ಎಂದುಕೊಂಡು ಸಂತೋಷಪಟ್ಟೆ.

ಉಗಾದಿ ಬಂತು. ಬೇವು ಬೆಲ್ಲ ತಿಂದೆವು, ಹೋಳಿಗೆ ಉಂಡೆವು. ಹಬ್ಬದ ದಿನ ರೊಟ್ಟಿ ಇರುವುದಿಲ್ಲವಾದ್ದರಿಂದ ನನಗೆ ಯಾವ ಸಂಶಯವೂ ಬರಲಿಲ್ಲ. ಹೋಳಿಗೆಯ ಭಾರಕ್ಕೆ ಕಣ್ಣು ಎಳೆಯುತ್ತಿದ್ದ ಸಂಜೆ, ನೀಲಾ ರೊಟ್ಟಿ ಬಡಿಯುವ ಪರಾತವನ್ನು ತಿಕ್ಕಿ ಒರೆಸಿ, ಜೋಳದ ಹಿಟ್ಟಿನ ಡಬ್ಬಿಯನ್ನು ಕೆಳಗಿಳಿಸಿ ಇಟ್ಟಳು. ನಾಳೆ ನನ್ನನ್ನು ಎಷ್ಟು ಹೊತ್ತಿಗೆ ಎಬ್ಬಿಸಬೇಕು ಎಂದು ಕೇಳಿದಳು. ಯಾಕೆ ಎಂದೆ. ರೊಟ್ಟಿಗೆ ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

"ನಾ ದೀಪಾವಳಿ ಪಾಡ್ಯಾ ಅಂದಿದ್ದೆ" ಎಂದೆ.

ಡಬ್ಬಿಯ ಮುಚ್ಚಳದ ಮೇಲಿದ್ದ ಅವಳ ಕೈ ಅಲ್ಲಿಯೇ ನಿಂತಿತು. "ಪರೀಕ್ಷಾ ಬ್ಯಾಸಗ್ಯಾಗ ಐತ್ರಿ. ದೀಪಾವಳಿಗಿ ನೀವು ರೊಟ್ಟಿ ಬಡದ್ರ ನಾ ಏನ ಓದಲಿ?" ಎಂದು ಮೆಲ್ಲಗೆ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಡಬ್ಬಿಯನ್ನು ಎತ್ತಿ ಮೊದಲಿನ ಜಾಗದಲ್ಲಿಯೇ ಇಟ್ಟು, "ಆತ ಬಿಡ್ರಿ" ಎಂದಳು.

ಸಿಟ್ಟು ಮಾಡಿದ್ದರೆ ಚಲೋ ಆಗುತ್ತಿತ್ತು. ಸಿಟ್ಟಿಗೆ ನಾನೂ ಸಿಟ್ಟು ಮಾಡಿ ಮಲಗಿಬಿಡುತ್ತಿದ್ದೆ. ಆದರೆ ಆ ಎರಡು ಶಬ್ದಗಳನ್ನು ನಾನು ಹಿಂದೆಯೂ ಕೇಳಿದ್ದೆ. ಅವ್ವ ಬಿದ್ದ ವರ್ಷ ಒಮ್ಮೆ, ಅದರ ಮರುವರ್ಷ ಒಮ್ಮೆ. ಎರಡು ಸಲವೂ ಹೀಗೆಯೇ, ಬೆನ್ನು ಈ ಕಡೆ ಮಾಡಿ ಹೇಳಿದ್ದಳು. ಮೂರನೆಯ ಸಲ ಕೇಳುವುದು ನನ್ನಿಂದಾಗಲಿಲ್ಲ. ಎದ್ದುಹೋಗಿ ಡಬ್ಬಿಯನ್ನು ಕೆಳಗಿಳಿಸಿದೆ. "ಎಲ್ಲಾರಕಿಂತ ಮೊದಲ ನನ್ನ ಎಬ್ಬಸು" ಎಂದೆ. "ನನಗ ಹೊತ್ತ ಹಿಡೀತೈತಿ." ನನ್ನ ಬದುಕಿನಲ್ಲಿ ಸೂಚಕ ಅನುಮೋದಕರಿಲ್ಲದೆ ಆದ ಮೊದಲನೆಯ ನಿರ್ಧಾರ ಅದು. ಆಮೇಲೆ ಚಹಾ ಕೂಡ ಬರಲಿಲ್ಲ.

ಹುಟ್ಟಿದಾಗಿನಿಂದ ರೊಟ್ಟಿ ತಿಂದವನು ನಾನು. ತಿನ್ನುವ ಅನುಭವ ಮಾಡುವುದಕ್ಕೆ ಎಳ್ಳಷ್ಟೂ ಉಪಯೋಗವಿಲ್ಲವೆಂದು ಮರುದಿನ ನಸುಕಿನಲ್ಲಿ ತಿಳಿಯಿತು. ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು ನೇರವಾಗಿ ಕೈ ಹಾಕಿದೆ. ನಾನು ಕೂಗಿದ ಕೂಗಿಗೆ ಅವ್ವ ಎದ್ದು ಬಂದಳು. ಅಡಿಗೆಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಸೊಸೆಯನ್ನು ಪುಸ್ತಕದ ಸಮೇತ ಅಂಗಳಕ್ಕೆ ಕಳಿಸಿ, ಒಳಗಿನ ಕಾರಭಾರ ತಾನು ವಹಿಸಿಕೊಂಡಳು. ಮೊದಲು ಚಮಚದಿಂದ ಕಲಸು, ಆಮೇಲೆ ಕೈ ಹಾಕು ಎಂದಳು. ನಾದಿದೆ. ಉಂಡೆ ಮಾಡಿದೆ. ಪರಾತದಲ್ಲಿ ಹಿಟ್ಟು ಉದುರಿಸಿ ಬಡಿಯತೊಡಗಿದೆ. ರೊಟ್ಟಿಯ ಅಂಚು ಬೇಸಿಗೆಯ ಎರಿಹೊಲದಂತೆ ಬಿರಿಯಿತು. ಎತ್ತಲು ಹೋದರೆ ಅರ್ಧ ನನ್ನ ಕೈಗೆ ಬಂತು, ಅರ್ಧ ಪರಾತದಲ್ಲಿಯೇ ಉಳಿಯಿತು.

ಅವ್ವ ಸ್ವಲ್ಪ ಹೊತ್ತು ನೋಡಿ, "ಹಂಗ್ಯಾಕ ಹೊಡೀತಿ? ಅದೇನ ನಿನ್ನ ಕಚೇರಿ ಶಿಕ್ಕಾ ಏನು?" ಎಂದಳು. ನೋಡಿದರೆ ಹೌದು. ವರ್ಷಾನುಗಟ್ಟಲೆ ಠರಾವಿನ ಕೆಳಗೆ ಮೊಹರು ಒತ್ತಿದ ಕೈ ಅದು, ಮೇಲಿನಿಂದ ನೇರವಾಗಿ ಬಿದ್ದು ಅಲ್ಲಿಯೇ ನಿಲ್ಲುತ್ತಿತ್ತು. ರೊಟ್ಟಿ ಬಡಿಯುವುದು ಎಂದೇ ಎಲ್ಲರೂ ಅನ್ನುತ್ತೀರಲ್ಲ, ಅದಕ್ಕೇ ಬಡಿಯುತ್ತಿದ್ದೇನೆ ಎಂದು ವಾದಿಸಿದೆ. "ಬಾಯಾಗ ಅನ್ನೂದು ಬಡಿಯೂದು. ಕೈಯಾಗ ತಟ್ಟೂದು" ಎಂದಳು ಅವ್ವ. ತನ್ನ ನಡುಗುವ ಕೈಯನ್ನು ಗಾಳಿಯಲ್ಲಿ ತಟ್ಟಿ ತೋರಿಸಿದಳು; ಅಂಗೈ ಹಗುರಾಗಿ ಬೀಳುತ್ತದೆ, ಬೀಳುತ್ತಲೇ ಸ್ವಲ್ಪ ತಿರುಗುತ್ತದೆ, ರೊಟ್ಟಿ ತಾನೇ ಸುತ್ತುತ್ತ ಹಿಗ್ಗುತ್ತದೆ. ತಟ್ಟುವಾಗ ಆ ಕೈ ನಡುಗಲಿಲ್ಲ. ಹಂಚು ಕಾಯುತ್ತಿತ್ತು, ನಾನು ಮತ್ತೆ ತಟ್ಟತೊಡಗಿದೆ. ಆ ದಿನದ ನನ್ನ ರೊಟ್ಟಿ ತುಂಡುಗಳನ್ನು ಅವ್ವ ಹಾಲಿಗೆ ಹಾಕಿಕೊಂಡು, ಹಾಲಿಗೆ ಬಿದ್ದ ಮೇಲೆ ಎಲ್ಲವೂ ಒಂದೇ ಎಂದು ಒಂದು ಚೂರೂ ಬಿಡದೆ ತಿಂದಳು. ಹಾಗೆ ತಿಂದು ನನ್ನನ್ನು ಉಳಿಸಿದ ಋಣ ದೊಡ್ಡದು.

ದಿನಗಳು ಹೋದವು, ಅಂಚು ಬಿರಿಯುವುದು ಕಡಿಮೆಯಾಯಿತು. ನೀಲಾ ಅಂಗಳದಲ್ಲಿ ದೀಪದ ಕೆಳಗೆ ಚಾಪೆ ಹಾಸಿ ಗಟ್ಟಿಯಾಗಿ ಓದುತ್ತಿದ್ದಳು. ಮನಸ್ಸಿನಲ್ಲಿ ಓದಿದರೆ ಮರಾಠಿ ಕನ್ನಡವಾಗಿಬಿಡುತ್ತದೆ ಎಂದು ಅವಳ ಹೇಳಿಕೆ. ಒಮ್ಮೆಯೂ ಒಳಗೆ ಇಣುಕಲಿಲ್ಲ. ಅದು ನನ್ನ ಮೇಲಿನ ವಿಶ್ವಾಸವೋ, ನೋಡಿದರೆ ನಗು ಬರುತ್ತದೆಂಬ ಭಯವೋ ತಿಳಿಯದು. ಕಠಿಣ ಶಬ್ದ ಬಂದರೆ ಅಲ್ಲಿಂದಲೇ ಕೇಳುತ್ತಿದ್ದಳು, ನಾನು ಒಲೆಯ ಮುಂದಿನಿಂದ ಉತ್ತರ ಕೊಡುತ್ತಿದ್ದೆ. ಒಂದು ದಿನ ಸಾಮಾಜಿಕ ಸ್ತರೀಕರಣ ಎಂದರೇನು ಎಂದಳು. ಸ್ತರ ಎಂದರೆ ಪದರ, ಸಮಾಜದಲ್ಲಿ ಮೇಲಿನವರು ಕೆಳಗಿನವರು ಎಂದು ಪದರ ಬೀಳುವುದು ಎಂದು ವಿವರಿಸುತ್ತಿದ್ದೆ. ನಡುವೆ ಅವ್ವ ಬಾಯಿ ಹಾಕಿದಳು. "ರೊಟ್ಟಿಗೂ ಎರಡ ಪದರ ಇರ್ತಾವು. ಮ್ಯಾಲಿಂದು ಉಬ್ಬತೈತಿ, ಕೆಳಗಿಂದು ಸುಡತೈತಿ." ನೀಲಾ ಓದುವುದನ್ನು ಬಿಟ್ಟು ನಕ್ಕಳು. ಇದನ್ನು ಹೀಗೆಯೇ ಪರೀಕ್ಷೆಯಲ್ಲಿ ಬರೆಯುತ್ತೇನೆ ಎಂದಳು. ಬಹಳ ದಿನಗಳ ಮೇಲೆ ನಮ್ಮ ಮನೆಯಲ್ಲಿ ಮುಂಜಾನೆ ನಗು ಕೇಳಿದ್ದು ಅಂದೇ.

ನಾನು ಶುರುವಿನಲ್ಲಿ ಓಣಿಯ ಕಡೆಯ ಕಿಟಕಿ ಮುಚ್ಚಿಕೊಂಡು ರೊಟ್ಟಿ ಮಾಡುತ್ತಿದ್ದೆ. ಪಂಚಾಯತಿಯ ಕಾರಕೂನ ಪರಾತದ ಮುಂದೆ ಕೂತದ್ದನ್ನು ಊರು ನೋಡಬಾರದಲ್ಲ. ಆದರೆ ಒಂದು ವಿಷಯ ನನಗೆ ಗೊತ್ತಿರಲಿಲ್ಲ. ನಮ್ಮ ಓಣಿಯ ಹೆಂಗಸರು ಯಾರ ಮನೆಯ ರೊಟ್ಟಿಯ ಸಪ್ಪಳ ಯಾವುದೆಂದು ಗೋಡೆಯಾಚೆಯಿಂದಲೇ ಗುರುತಿಸುತ್ತಾರೆ. ಪಕ್ಕದ ಮನೆಯ ಮರಾಠಿ ಕಾಕು ನೀಲಾಳನ್ನು ನಳದ ಹತ್ತಿರ ಹಿಡಿದು, ನಿನ್ನ ಕೈಗೆ ಏನಾಗಿದೆ, ನಾಲ್ಕು ದಿನದಿಂದ ಸಪ್ಪಳ ಕುಂಟುತ್ತಿದೆಯಲ್ಲ ಎಂದು ಕಳವಳದಿಂದ ಕೇಳಿದಳಂತೆ. ನೀಲಾ ಇದ್ದದ್ದು ಹೇಳಿದಳು. ಊರೆಲ್ಲ ಹಲ್ಲು ಕಿರಿಯುತ್ತದೆಂದು ನಾನು ಕಾಯುತ್ತ ಕೂತೆ. ಬಂದದ್ದು ಒಂದು ಬಟ್ಟಲು ಶೇಂಗಾ ಚಟ್ನಿ. ರೊಟ್ಟಿ ಮಾಡುವವರಿಗೆ ಎಂದು ಕಾಕು ಕಳಿಸಿದ್ದಳು. ಅಂದಿನಿಂದ ಕಿಟಕಿ ತೆರೆದೆ, ಸೆಕೆ ತಪ್ಪಿತು. ಮಗಳಿಗೂ ಫೋನಿನಲ್ಲಿ ಒಂದು ರೊಟ್ಟಿಯ ಚಿತ್ರ ಕಳಿಸಿದೆ. ಚಲೋ ಆಗಿದೆ, ಆದರೆ ಗಡಿ ಎಲ್ಲಿಂದ ಎಲ್ಲಿಗೆ ಎಂದು ತಿಳಿಯುತ್ತಿಲ್ಲ ಎಂದಳು. ಗಡಿಯ ಪ್ರಶ್ನೆ ನಮ್ಮ ಭಾಗದಲ್ಲಿ ದೊಡ್ಡ ದೊಡ್ಡವರಿಗೇ ಬಗೆಹರಿದಿಲ್ಲ, ನನ್ನ ಕೈಯಲ್ಲಿ ಹೇಗೆ ಬಗೆಹರಿದೀತು ಎಂದು ಉತ್ತರ ಕೊಟ್ಟೆ.

ಪರೀಕ್ಷೆ ಬಂತು. ಕೇಂದ್ರ ಜತ್ತದಲ್ಲಿ, ಮೊದಲನೆಯ ಬಸ್ಸಿಗೇ ಹೊರಡಬೇಕು. ಸರಿಯಾಗಿ ಅವಳ ಮೊದಲ ಪೇಪರಿನ ದಿನವೇ ಮೇಲಿನ ಸಾಹೇಬರು ಪಂಚಾಯತಿ ತಪಾಸಣೆಗೆ ಬರುವುದಾಗಿ ಹಿಂದಿನ ಸಂಜೆ ಫೋನು ಬಂತು. ಎಲ್ಲರೂ ಮುಂಜಾನೆ ಬೇಗ ಹಾಜರಿರಬೇಕು, ದಪ್ತರ ತಯಾರಿರಬೇಕು. ನೀಲಾ ಫೋನಿನ ಮಾತು ಕೇಳಿಸಿಕೊಂಡು, ನಾಳೆ ಒಂದು ದಿನ ರೊಟ್ಟಿ ತಾನೇ ಮಾಡುವುದಾಗಿ ಹೇಳಿದಳು. ನನ್ನ ಬಾಯಿ ಹೂಂ ಎನ್ನಲು ತೆರೆದೂ ಇತ್ತು. ಅಷ್ಟರಲ್ಲಿ ಅವಳ ಕಣ್ಣು ಪುಸ್ತಕದ ಮೇಲೆ ಇರುವುದನ್ನು ಕಂಡೆ. ಇನ್ನೂ ಅರ್ಧ ಪಾಠ ಉಳಿದಿತ್ತು. "ಸಾಹೇಬ್ರಕಿಂತ ಲಗೂನ ರೊಟ್ಟಿ ಬರ್ತಾವು. ನೀ ಓದು" ಎಂದೆ. ಮರುದಿನ ಕೋಳಿಗಿಂತ ಮೊದಲು ಎದ್ದು ಎಸರಿಟ್ಟೆ. ದೇವರ ದಯೆ ನೋಡಿ, ಅಂದು ಒಂದು ರೊಟ್ಟಿ ಹಂಚಿನ ಮೇಲೆ ಪೂರ್ತಿ ಉಬ್ಬಿ ನಿಂತಿತು. ಅದನ್ನು ನೀಲಾಳ ಡಬ್ಬಿಗೆ ಹಾಕಿದೆ. ಅವಳು ಅವ್ವನ ಕಾಲಿಗೆ ಬಿದ್ದು, ನನ್ನ ಕಡೆ ನೋಡಿ, ಹೋಗಿ ನಮ್ಮ ಠರಾವಿನ ನೆರಳಿನಲ್ಲಿ ಬಸ್ಸಿಗೆ ನಿಂತಳು. ಎಳೆ ಬಿಸಿಲು ಮುಖಕ್ಕೆ ನೇರವಾಗಿ ಬಡಿಯುತ್ತಿತ್ತು. ಆ ಠರಾವು ಬರೆದವನು ನಾನೇ ಎಂದು ಅಂದು ಮೊದಲ ಸಲ ನಾಚಿಕೆಯಾಯಿತು.

ಕಚೇರಿಗೆ ಓಡಿದೆ. ಸಾಹೇಬರು ಬಂದರು, ಕಡತ ನೋಡುವುದನ್ನು ಬಿಟ್ಟು ನನ್ನ ಮುಖ ನೋಡಿದರು. ಮನೆಗೆ ಸುಣ್ಣ ಬಳಿಸುತ್ತಿದ್ದೀರಾ ಎಂದು ಕೇಳಿದರು. ಹುಬ್ಬು ಮುಟ್ಟಿ ನೋಡಿಕೊಂಡೆ, ಜೋಳದ ಹಿಟ್ಟು. ಏನು ಹೇಳಬೇಕೆಂದು ತೊದಲುತ್ತಿದ್ದಾಗ ನಮ್ಮ ಪಂಚಾಯತಿಯ ಅಧ್ಯಕ್ಷೆ ಸರಪಂಚಬಾಯಿ, ಸಭೆಯಲ್ಲಿ ಸಹಿ ಮಾಡುವುದಕ್ಕಷ್ಟೇ ಕೈ ಎತ್ತುವ ಹೆಂಗಸು, ಅವರ ಮನೆಯವರ ಬಿ.ಎ. ಪರೀಕ್ಷೆ ಇದೆ, ರೊಟ್ಟಿ ಮಾಡಿಟ್ಟು ಬಂದಿದ್ದಾರೆ ಎಂದು ಸ್ಪಷ್ಟವಾಗಿ ಹೇಳಿಬಿಟ್ಟಳು. ಸಾಹೇಬರು ನಕ್ಕರು. ಅಂದು ಯಾವ ಕಡತವನ್ನೂ ಹೆಚ್ಚು ಕೆದಕಲಿಲ್ಲ.

ಮುಂದಿನ ತಿಂಗಳ ಸಭೆಯಲ್ಲಿ ಸರಪಂಚಬಾಯಿ ಎದ್ದು ನಿಂತು, ನಮ್ಮ ಕಾರಕೂನರಿಗೆ ಅಭಿನಂದನೆಯ ಠರಾವು ಮಾಡಬೇಕು ಎಂದಳು. ಅನುಮೋದಕರು ಯಾರು ಎಂದರೆ ಹೆಣ್ಣುಸದಸ್ಯರೆಲ್ಲ ಒಟ್ಟಿಗೆ ಕೈ ಎತ್ತಿದರು. ಗಂಡಸರು ತಂತಮ್ಮ ಮನೆಯ ಪರಾತವನ್ನು ನೆನೆದು ನೆಲ ನೋಡಿದರು. ಬರೆಯುವವನು ನಾನೇ ಆದ್ದರಿಂದ ನನ್ನ ಹೊಗಳಿಕೆಯನ್ನು ನಾನೇ ದುಂಡಗೆ ಬರೆದು, ಸರ್ವಾನುಮತದಿಂದ ಮಂಜೂರು ಎಂದು ಅಡಿಗೆರೆ ಎಳೆದೆ. ಮನೆಗೆ ಬಂದು ಎದೆ ಉಬ್ಬಿಸಿ ಹೇಳಿದೆ. ನೀಲಾ ನಕ್ಕಳು. ಅವ್ವ ಎಲ್ಲ ಕೇಳಿಸಿಕೊಂಡು, "ನಾ ಬಡದದ್ದಕ್ಕ, ನೀಲಾ ಬಡದದ್ದಕ್ಕ ಹಿಂಗ ಠರಾವ ಬರಕೋತ ಕುಂತಿದ್ರ ನಿಮ್ಮ ಕಚೇರ್ಯಾಗ ಕಪಾಟ ಸಾಲ್ತಿದ್ದಿಲ್ಲ" ಎಂದಳು. ಉಬ್ಬಿದ್ದ ಎದೆ ಸದ್ದಿಲ್ಲದೆ ಇಳಿಯಿತು. ಅವ್ವನ ಕೈಯ ರೊಟ್ಟಿ ತಿಂದು ಸಾಲಿಗೆ ಹೋದವನು ನಾನು, ನೀಲಾಳ ಕೈಯ ರೊಟ್ಟಿ ತಿಂದು ಕಚೇರಿಗೆ ಹೋದವನು. ಇಬ್ಬರಿಗೂ ಒಂದು ದಿನವಾದರೂ ಚಲೋ ಆಗಿದೆ ಎಂದದ್ದು ನೆನಪಿಲ್ಲ. ಉಪ್ಪು ಕಡಿಮೆ ಎಂದದ್ದು ನೆನಪಿದೆ. ಜೋಳದ ರೊಟ್ಟಿಗೆ ನಮ್ಮ ಮನೆಯಲ್ಲಿ ಉಪ್ಪೇ ಹಾಕುವುದಿಲ್ಲವೆಂದು ತಿಳಿದದ್ದು ನಾನೇ ಮಾಡತೊಡಗಿದ ಮೇಲೆ. ಅಂದು ಇಬ್ಬರನ್ನೂ ಕೂಡಿಸಿ ಬಿಸಿ ರೊಟ್ಟಿ ಬಡಿಸಿದೆ.

ಮಳೆ ಹಿಡಿದ ಮೇಲೆ ನಿಕಾಲು, ಅಂದರೆ ಪರೀಕ್ಷೆಯ ಫಲಿತಾಂಶ, ಬಂತು. ನೀಲಾ ಫೋನಿನಲ್ಲಿ ನೋಡಿ, ಮೆಟ್ಟಿಲ ಮೇಲೆ ಕೂತು ಫೋನನ್ನು ಅವ್ವನ ಕೈಗೆ ಕೊಟ್ಟಳು. ಅವ್ವನಿಗೆ ಓದಲು ಬರುವುದಿಲ್ಲ. ಫೋನನ್ನು ತಲೆಕೆಳಗಾಗಿ ಹಿಡಿದು, ಅದನ್ನಲ್ಲ, ಸೊಸೆಯ ಮುಖವನ್ನು ನೋಡಿ, ಪಾಸು ಎಂದಳು. ನನ್ನ ಕಣ್ಣು ತುಂಬಿ ಬಂದವು. ಒಲೆಯ ಹೊಗೆ ಎನ್ನೋಣವೆಂದರೆ ನಮ್ಮದು ಗ್ಯಾಸ್. ಕುಣಿಕೋಣೂರಿಗೆ ಫೋನು ಮಾಡಿ ಹೇಳಿದರೆ ಷಡ್ಡಕ, ಪರೀಕ್ಷೆ ಬರೆದರೆ ಪಾಸು ಆಗುತ್ತದಲ್ಲ ಎಂದ. ಆದರೂ ಸಂಜೆಗೆ ಪೇಢಾ ತಗೊಂಡು ಬಂದ.

ನಾಲ್ಕು ದಿನ ಬಿಟ್ಟು, ಪಾಸಾದ ಸಂಭ್ರಮ ಸ್ವಲ್ಪ ತಣ್ಣಗಾದ ಮೇಲೆ, ಇನ್ನು ಮುಂಜಾನೆಯ ಕೆಲಸದ ವ್ಯವಸ್ಥೆ ಹೇಗೆ ಎಂದು ನಾನು ಮೆಲ್ಲಗೆ ವಿಷಯ ತೆಗೆದೆ. "ಪಾಡ್ಯಾತನಕ ನೀವ ಮಾಡ್ರಿ, ಆಮ್ಯಾಲ ನೋಡೂಣು" ಎಂದಳು ನೀಲಾ. ನ್ಯಾಯವಾದ ಮಾತು ಅನಿಸಿತು. ಮಳೆಗಾಲ ಕಳೆದರೆ ದೀಪಾವಳಿ, ಅಲ್ಲಿಯವರೆಗೆ ಕೈಗೂ ರೂಢಿಯಾಗಿದೆ ಎಂದು ಒಪ್ಪಿಕೊಂಡೆ.

ದೀಪಾವಳಿಯ ಪಾಡ್ಯ ಬಂತು. ನಮ್ಮ ಕಡೆ ಅಂದು ಹೆಂಡತಿ ಗಂಡನಿಗೆ ಆರತಿ ಬೆಳಗುತ್ತಾಳೆ, ಗಂಡ ತಟ್ಟೆಯಲ್ಲಿ ಕಾಣಿಕೆ ಇಡುತ್ತಾನೆ. ನೀಲಾ ಹೊಸ ದೀಪ ಹಚ್ಚಿ ಬೆಳಗಿದಳು, ನಾನು ಇಳಕಲ್ಲ ಸೀರೆ ಇಟ್ಟೆ. ಆರತಿಯ ಬೆಳಕಿನಲ್ಲಿ ಅವಳ ಮುಖ ನೋಡುತ್ತ, ಇಂಥ ಹೆಂಡತಿ, ಇಂಥ ಅವ್ವ ಸಿಗಲು ನಾನು ಏನು ಪುಣ್ಯ ಮಾಡಿದ್ದೆನೋ ಎಂದು ನಿಜವಾಗಿ ಅನಿಸಿತು. ಆ ಭಾವನೆಯ ಭರದಲ್ಲಿಯೇ, ಇಂದು ಪಾಡ್ಯ, ನನ್ನ ಮುದ್ದತು ಮುಗಿಯಿತಲ್ಲ ಎಂದು ನೆನಪು ಮಾಡಿಕೊಟ್ಟೆ.

"ನಾ ಅಂದದ್ದು ಉಗಾದಿ ಪಾಡ್ಯಾರಿ" ಎಂದಳು ನೀಲಾ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ. "ಎಂ.ಎ.ಕ್ಕ ಹೆಸರ ಹಚ್ಚೀನಿ."

ಕುರ್ಚಿಯಲ್ಲಿದ್ದ ಅವ್ವ ಹೂಂ ಎಂದಳು. ಸೂಚಕಿ ನೀಲಾ, ಅನುಮೋದಕಿ ಅವ್ವ. ಬೇರೆ ಸದಸ್ಯರು ಯಾರೂ ಇರಲಿಲ್ಲವಾದ್ದರಿಂದ ಸರ್ವಾನುಮತದಿಂದ ಮಂಜೂರಾಯಿತು. ಬರುವ ಉಗಾದಿಗೆ ಅದು ಮತ್ತೆ ದೀಪಾವಳಿಯ ಪಾಡ್ಯವಾದೀತೇ ಎಂದು ಕೇಳುವ ಧೈರ್ಯ ನನಗಿಲ್ಲ, ಕೇಳುವ ಮನಸ್ಸೂ ಅಷ್ಟಾಗಿ ಇಲ್ಲ. ಎದ್ದು ಹೋಗಿ ನಾಳೆಗೆ ಹಿಟ್ಟು ಇದೆಯೋ ಎಂದು ಡಬ್ಬಿ ತೆರೆದು ನೋಡಿದೆ, ಇತ್ತು. ಠರಾವು ಆದ ಮೇಲೆ ಚಹಾ ಆಗಬೇಕಲ್ಲ. ಅದನ್ನೂ ಈ ಸಲ ನಾನೇ ಮಾಡಬೇಕಾಯಿತು.